ವರ್ಚುವಲ್ ಜಗತ್ತಿನಲ್ಲಿ ಸಾಮಾಜಿಕ ನಡವಳಿಕೆ: ಸಾರ್ವಜನಿಕರ ತಿಳಿವಳಿಕೆಗಾಗಿ

1. ಪೀಠಿಕೆ

ಸರ್ಕಾರದ ಅನೇಕ ಸೇವೆಗಳಿಗೆ ನಾಗರಿಕರು ಇಂದು ಅಂತರ್ಜಾಲದ ಮೂಲಕವೇ ಅರ್ಜಿ ಸಲ್ಲಿಸುತ್ತಿದ್ದಾರೆ. ಅದೇ ಗಣಕಯಂತ್ರ ಅಥವಾ ಮೊಬೈಲ್ ಫೋನಿನಲ್ಲಿ ಮನೆಯ ಮಕ್ಕಳು ಹಾಗೂ ಯುವಜನರು ಬಹುಜನ ಸೇರುವ ಆಟದ ಲೋಕಗಳಲ್ಲಿ ಸಮಯ ಕಳೆಯುತ್ತಾರೆ. ಅಂತಹ ಕಡೆಗಳಲ್ಲಿ ಅವಮಾನ, ಬೆದರಿಕೆ, ವಂಚನೆ ಅಥವಾ ಅಸಭ್ಯ ವರ್ತನೆಗೆ ಗುರಿಯಾದವರು 'ಅದು ಆಟ ತಾನೇ, ಹೇಳಿಕೊಂಡರೆ ನಗುತ್ತಾರೆ' ಎಂದು ಸುಮ್ಮನಾಗುವುದುಂಟು. ತೊಂದರೆ ಕೊಟ್ಟವರೂ ತಮ್ಮ ಸಮರ್ಥನೆಗೆ 'ಅದು ಆಟ ತಾನೇ' ಎಂಬ ಮಾತನ್ನೇ ಮುಂದಿಡುತ್ತಾರೆ.

ಈ ಮಾತು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಕಳೆದ ಸುಮಾರು 40 ವರ್ಷಗಳ ಅನುಭವ ಹಾಗೂ ವಿದ್ವಾಂಸರ ಅಧ್ಯಯನಗಳಿಂದ ತಿಳಿದುಬರುವುದೇನೆಂದರೆ, ಮನುಷ್ಯನು ತೆರೆಯ ಮೇಲಿನ ಲೋಕವನ್ನು ಪ್ರವೇಶಿಸುವಾಗ ತನ್ನ ಸಾಮಾಜಿಕ ರೂಢಿಗಳನ್ನು ಬಾಗಿಲಲ್ಲಿ ಕಳಚಿಟ್ಟು ಹೋಗುವುದಿಲ್ಲ. ಕೆಲವು ರೂಢಿಗಳು ತಾವಾಗಿಯೇ ಜೊತೆಗೆ ಬರುತ್ತವೆ. ಕೆಲವನ್ನು ಅಲ್ಲಿನ ನಿವಾಸಿಗಳೂ ಆಡಳಿತವೂ ಪ್ರಯತ್ನಪೂರ್ವಕವಾಗಿ ಸ್ಥಾಪಿಸಬೇಕಾಗುತ್ತದೆ. ನಮ್ಮಲ್ಲಿರುವ ಪೂರ್ವಗ್ರಹಗಳೂ ಹಿಂದೆಯೇ ಬರುತ್ತವೆ. ಈ ಮೂರನ್ನೂ ಅರಿತುಕೊಂಡಲ್ಲಿ ಅಲ್ಲಿ ಹೇಗೆ ನಡೆದುಕೊಳ್ಳಬೇಕು, ತೊಂದರೆಯಾದಾಗ ಏನು ಮಾಡಬೇಕು ಎಂಬುದು ಸ್ಪಷ್ಟವಾಗುತ್ತದೆ.

2. ವರ್ಚುವಲ್ ಜಗತ್ತು ಎಂದರೇನು?

ಗಣಕಯಂತ್ರದಲ್ಲಿ ರೂಪಿಸಿದ, ಏಕಕಾಲದಲ್ಲಿ ಅನೇಕರು ಪ್ರವೇಶಿಸಿ ಪರಸ್ಪರ ಮಾತನಾಡಬಹುದಾದ, ಓಡಾಡಬಹುದಾದ ಸ್ಥಳವನ್ನು ವರ್ಚುವಲ್ ಜಗತ್ತು ಎನ್ನಲಾಗುತ್ತದೆ. ಅಲ್ಲಿ ಪ್ರತಿಯೊಬ್ಬರನ್ನೂ ಪ್ರತಿನಿಧಿಸುವ ಒಂದು ಆಕೃತಿ ಇರುತ್ತದೆ. ಈ ಆಕೃತಿಗೆ ಜಗತ್ತಿನಾದ್ಯಂತ 'ಅವತಾರ್' ಎಂಬ ಹೆಸರಿದೆ. ಇದು ನಮ್ಮ 'ಅವತಾರ' ಶಬ್ದವೇ. 1986ರಲ್ಲಿ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಸಂಸ್ಥೆ ಪ್ರಾಯೋಗಿಕವಾಗಿ ನಡೆಸಿದ 'ಹ್ಯಾಬಿಟ್ಯಾಟ್' ಎಂಬ ಚಿತ್ರರೂಪದ ಲೋಕದಲ್ಲಿ ಈ ಶಬ್ದವನ್ನು ಬಳಸಲಾಯಿತು. ನಂತರ ಅದು ರೂಢಿಗೆ ಬಂದಿತು. ಅವತಾರ ಬದಲಾದರೂ ಅವತರಿಸಿದವನು ಬದಲಾಗುವುದಿಲ್ಲ ಎಂಬುದು ನಮ್ಮ ಪುರಾಣ ಕೇಳಿದವರಿಗೆಲ್ಲ ತಿಳಿದ ವಿಷಯ. ಈ ಲೇಖನದ ತಾತ್ಪರ್ಯವೂ ಬಹುಮಟ್ಟಿಗೆ ಅದೇ ಆಗಿದೆ.

2003ರಲ್ಲಿ ಆರಂಭವಾದ 'ಸೆಕೆಂಡ್ ಲೈಫ್', 2004ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್', 2006ರಲ್ಲಿ ಬಂದ, ಮಕ್ಕಳಲ್ಲಿ ಜನಪ್ರಿಯವಾಗಿರುವ 'ರೋಬ್ಲಾಕ್ಸ್' ಇವು ಇಂತಹ ಲೋಕಗಳಿಗೆ ಉದಾಹರಣೆಗಳು. ಕಣ್ಣಿಗೆ ಕಟ್ಟಿಕೊಳ್ಳುವ ಸಾಧನದ ಮೂಲಕ ಪ್ರವೇಶಿಸುವ ವಿ.ಆರ್. ಲೋಕಗಳೂ ಇದೇ ವರ್ಗಕ್ಕೆ ಸೇರುತ್ತವೆ.

3. ನಿಯಮ, ರೂಢಿ ಮತ್ತು ಕಾನೂನು

ಮುಂದಿನ ವಿವರಣೆ ಅರ್ಥವಾಗಲು ಈ ಮೂರರ ನಡುವಿನ ವ್ಯತ್ಯಾಸವನ್ನು ಗಮನಿಸುವುದು ಅವಶ್ಯ. ಸಾರಿಗೆ ಬಸ್ಸನ್ನೇ ತೆಗೆದುಕೊಳ್ಳಬಹುದು.

ಅ) ನಿಯಮ: ಮಹಿಳೆಯರಿಗೆ ಮೀಸಲಾದ ಆಸನ. ಇದು ಬರೆದಿಟ್ಟದ್ದು, ಪಾಲನೆಯಾಗುವಂತೆ ನೋಡಿಕೊಳ್ಳಲು ನಿರ್ವಾಹಕರಿದ್ದಾರೆ.

ಆ) ರೂಢಿ: ಮೀಸಲಲ್ಲದ ಆಸನದಲ್ಲಿದ್ದರೂ ಕಂಕುಳಲ್ಲಿ ಕೂಸಿರುವ ತಾಯಿ ಬಂದಾಗ ಎದ್ದು ಜಾಗ ಕೊಡುವುದು. ಇದನ್ನು ಯಾರೂ ಬರೆದಿಟ್ಟಿಲ್ಲ. ಏಳದಿದ್ದರೆ ದಂಡವಿಲ್ಲ; ಆದರೆ ಸುತ್ತಲಿನವರ ನೋಟವಿದೆ.

ಇ) ಕಾನೂನು: ಜೇಬುಗಳ್ಳತನ. ಬಸ್ಸಿನ ಒಳಗಾದರೂ ಹೊರಗಾದರೂ ಅದು ಅಪರಾಧ.

ವರ್ಚುವಲ್ ಜಗತ್ತಿನಲ್ಲಿ ನಿಯಮದ ಬಹುಭಾಗ ತಂತ್ರಾಂಶದಲ್ಲೇ ಅಡಕವಾಗಿರುತ್ತದೆ. ತಂತ್ರಾಂಶ ಬಿಟ್ಟುಕೊಡದ ಕೆಲಸವನ್ನು ಅಲ್ಲಿ ಮಾಡಲು ಆಗುವುದೇ ಇಲ್ಲ. ಇದರಿಂದ ಒಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ: ತಂತ್ರಾಂಶ ಬಿಟ್ಟುಕೊಟ್ಟದ್ದೆಲ್ಲವೂ ಮಾಡಬಹುದಾದ್ದೇ ಎಂದು ಜನ ಭಾವಿಸುತ್ತಾರೆ. ಬಸ್ಸಿನಲ್ಲಿ ಯಾರೂ ಹಾಗೆ ಭಾವಿಸುವುದಿಲ್ಲ.

4. ತಾವಾಗಿಯೇ ಜೊತೆಗೆ ಬರುವ ರೂಢಿಗಳು

ಕಚೇರಿಯ ಕೌಂಟರ್ ಮುಂದಿನ ಸಾಲಿನಲ್ಲಿ ನಿಂತವರು ಪರಸ್ಪರ ಸ್ವಲ್ಪ ಅಂತರ ಕಾಯ್ದುಕೊಳ್ಳುತ್ತಾರೆ. ಜನಸಂದಣಿಯಿಂದ ಹತ್ತಿರ ನಿಲ್ಲಲೇಬೇಕಾದಾಗ ಮುಖ ಬೇರೆಡೆಗೆ ತಿರುಗಿಸುತ್ತಾರೆ, ಇಲ್ಲವೇ ಗೋಡೆಯ ಮೇಲಿನ ಸೂಚನಾ ಫಲಕವನ್ನು ಓದತೊಡಗುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಅವರು 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಅಂತರಗಳನ್ನು ವರ್ಗೀಕರಿಸಿದ್ದಾರೆ. ಅವರು ಗಮನಿಸಿದ ಅಮೆರಿಕನ್ನರಲ್ಲಿ ಸುಮಾರು 45 ಸೆಂಟಿಮೀಟರ್ ಒಳಗಿನದು ಅತ್ಯಂತ ಆಪ್ತರ ವಲಯ. ಅಲ್ಲಿಂದ ಸುಮಾರು 1.2 ಮೀಟರ್, ಅಂದರೆ 4 ಅಡಿಯವರೆಗಿನದು ವೈಯಕ್ತಿಕ ವಲಯ. ಅದರಾಚೆ ಸಾಮಾಜಿಕ ವ್ಯವಹಾರದ ವಲಯ. ಈ ಅಳತೆಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ ಎಂಬುದನ್ನೂ ಅವರು ತಿಳಿಸಿದ್ದಾರೆ. ಹತ್ತಿರ ಬಂದಷ್ಟೂ ದೃಷ್ಟಿ ತಪ್ಪಿಸುವ ಮೂಲಕ ಮನುಷ್ಯರು ಸಮತೋಲ ಕಾಯ್ದುಕೊಳ್ಳುತ್ತಾರೆ ಎಂದು 1965ರಲ್ಲಿ ಆರ್ಗೈಲ್ ಮತ್ತು ಡೀನ್ ಎಂಬ ಮನಶ್ಶಾಸ್ತ್ರಜ್ಞರು ಪ್ರತಿಪಾದಿಸಿದ್ದರು.

ತೆರೆಯ ಮೇಲಿನ ಆಕೃತಿಗೆ ಮೈಯಿಲ್ಲ, ಉಸಿರಿಲ್ಲ. ಎರಡು ಆಕೃತಿಗಳು ಒತ್ತಿಕೊಂಡು ನಿಂತರೂ ಯಾರಿಗೂ ನೋವಾಗುವುದಿಲ್ಲ. ಆದ್ದರಿಂದ ಅಲ್ಲಿ ಈ ರೂಢಿ ಇರಲಾರದೆಂದು ಯಾರಾದರೂ ಊಹಿಸಬಹುದು. ನಿಕ್ ಯೀ, ಜೆರೆಮಿ ಬೈಲೆನ್ಸನ್ ಹಾಗೂ ಅವರ ಸಹೋದ್ಯೋಗಿಗಳು ಸೆಕೆಂಡ್ ಲೈಫ್‌ನಲ್ಲಿ ಅವತಾರಗಳು ಎಲ್ಲಿ ನಿಂತಿವೆ, ಯಾವ ಕಡೆಗೆ ಮುಖ ಮಾಡಿವೆ ಎಂಬುದನ್ನು ತಂತ್ರಾಂಶದ ಮೂಲಕ ದಾಖಲಿಸಿ 2007ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಅದರಲ್ಲಿ ಕಂಡುಬಂದ ಮುಖ್ಯ ಅಂಶಗಳು ಈ ಕೆಳಕಂಡಂತಿವೆ.

* ಇಬ್ಬರು ಪುರುಷ ಅವತಾರಗಳ ನಡುವಿನ ಅಂತರವು ಇಬ್ಬರು ಸ್ತ್ರೀ ಅವತಾರಗಳ ನಡುವಿನ ಅಂತರಕ್ಕಿಂತ ಹೆಚ್ಚಾಗಿತ್ತು.
* ಪುರುಷ ಅವತಾರಗಳ ಜೋಡಿ ಪರಸ್ಪರ ಮುಖಾಮುಖಿಯಾಗಿ ನೋಡುವುದು ಕಡಿಮೆಯಿತ್ತು.
* ಅಂತರ ಕಡಿಮೆಯಾದಂತೆ ದೃಷ್ಟಿ ಪಕ್ಕಕ್ಕೆ ಸರಿಯುತ್ತಿತ್ತು.

ಅಂದರೆ ಕೌಂಟರ್ ಮುಂದಿನ ಸಾಲಿನಲ್ಲಿ ಕಾಣುವ ನಡವಳಿಕೆಯೇ ಕೀಲಿಮಣೆ ಮತ್ತು ಮೌಸ್ ಮೂಲಕ ನಡೆಸುವ ಆಕೃತಿಗಳಲ್ಲಿಯೂ ಕಾಣಿಸಿಕೊಂಡಿತು. ಹೀಗೆ ಮಾಡಬೇಕೆಂದು ಅವರಿಗೆ ಯಾರೂ ಸೂಚಿಸಿರಲಿಲ್ಲ.

ಇದಕ್ಕೆ ಕಾರಣವನ್ನು ಮತ್ತೊಂದು ಪ್ರಯೋಗದಿಂದ ತಿಳಿಯಬಹುದು. 2006ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮೆಲ್ ಸ್ಲೇಟರ್ ಮತ್ತು ಸಂಗಡಿಗರು 34 ಮಂದಿಯನ್ನು ಪರೀಕ್ಷೆಗೆ ಒಳಪಡಿಸಿದರು. ಗಣಕಯಂತ್ರ ಸೃಷ್ಟಿಸಿದ ಮಹಿಳೆಯ ಆಕೃತಿಯೊಂದು ತಪ್ಪು ಉತ್ತರ ಕೊಟ್ಟಾಗಲೆಲ್ಲ ಅದಕ್ಕೆ ವಿದ್ಯುತ್ ಆಘಾತ ನೀಡುವಂತೆ ಅವರಿಗೆ ತಿಳಿಸಲಾಗಿತ್ತು. ಆ ಮಹಿಳೆಯೂ ನಿಜವಲ್ಲ, ಆಘಾತವೂ ನಿಜವಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ಆದಾಗ್ಯೂ ಆಕೃತಿಯನ್ನು ಕಣ್ಣಾರೆ ಕಂಡು ಅದರ ಧ್ವನಿ ಕೇಳಿದವರ ದೇಹದಲ್ಲಿ ಉದ್ವೇಗದ ಲಕ್ಷಣಗಳು ದಾಖಲಾದವು. ಕೆಲವರು ಪ್ರಯೋಗವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಬುದ್ಧಿಗೆ ಸುಳ್ಳೆಂದು ತಿಳಿದಿರುವುದನ್ನು ದೇಹವು ಸುಳ್ಳೆಂದು ಎಣಿಸುವುದಿಲ್ಲ. ಹೀಗಿರುವಾಗ ಆಕೃತಿಯ ಹಿಂದೆ ನಿಜವಾದ ವ್ಯಕ್ತಿಯೇ ಇದ್ದಲ್ಲಿ ಆಗುವ ಪರಿಣಾಮವನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

5. ಜೊತೆಯಲ್ಲೇ ಬರುವ ಪೂರ್ವಗ್ರಹಗಳು

ಒಳ್ಳೆಯ ರೂಢಿಗಳು ಮಾತ್ರ ಬರುತ್ತವೆಂದು ಭಾವಿಸಬಾರದು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪಾಲ್ ಈಸ್ಟ್‌ವಿಕ್ ಮತ್ತು ವೆಂಡಿ ಗಾರ್ಡ್ನರ್ ಅವರು 'ದೇರ್' ಎಂಬ ವರ್ಚುವಲ್ ಲೋಕದಲ್ಲಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮೊದಲು ದೊಡ್ಡ ಉಪಕಾರವೊಂದನ್ನು ಕೇಳಿ, ಎದುರಿನವರು ನಿರಾಕರಿಸಿದ ಕೂಡಲೇ ಸಣ್ಣ ಉಪಕಾರ ಕೇಳಿದರೆ ಅವರು ಒಪ್ಪುವ ಸಂಭವ ಹೆಚ್ಚು; ಇದು ವ್ಯಾಪಾರಸ್ಥರಿಗೆಲ್ಲ ತಿಳಿದ ಉಪಾಯ. ಒಂದು ಬಾರಿ ನಿರಾಕರಿಸಿದ ಸಂಕೋಚ ಎರಡನೆಯ ಬಾರಿಗೆ ಒಪ್ಪಿಸುತ್ತದೆ. ಸದರಿ ಲೋಕದಲ್ಲಿಯೂ ಈ ಉಪಾಯ ಫಲಿಸಿತು. ಆದರೆ ಕೇಳುವ ಅವತಾರದ ಮೈಬಣ್ಣ ಕಪ್ಪಾಗಿದ್ದಾಗ ಅದರ ಪರಿಣಾಮ ಬಿಳಿ ಬಣ್ಣದ ಅವತಾರಕ್ಕಿಂತ ಕಡಿಮೆಯಾಗಿತ್ತು. ಬಣ್ಣವು ಕೇವಲ ತೆರೆಯ ಮೇಲಿನ ಆಯ್ಕೆಯೆಂದು, ಯಾರು ಬೇಕಾದರೂ ಯಾವ ಬಣ್ಣವನ್ನಾದರೂ ಧರಿಸಬಹುದೆಂದು ಅಲ್ಲಿದ್ದವರಿಗೆ ತಿಳಿದಿತ್ತು. ಹಾಗಿದ್ದರೂ ಕಪ್ಪು ಬಣ್ಣದ ಮುಂದೆ ಆ ಸಂಕೋಚ ಕಡಿಮೆಯಾಯಿತು.

2016ರಲ್ಲಿ ಬಿಲ್ಲುಗಾರಿಕೆಯ ವಿ.ಆರ್. ಆಟವೊಂದರಲ್ಲಿ ನಡೆದ ಘಟನೆಯೂ ಗಮನಾರ್ಹ. ಆ ಆಟದಲ್ಲಿ ಎಲ್ಲರ ಆಕೃತಿಯೂ ಒಂದೇ ತೆರನಾಗಿತ್ತು: ಒಂದು ಶಿರಸ್ತ್ರಾಣ, ಒಂದು ಬಿಲ್ಲು, ಒಂದು ಕೈ. ಆಟಗಾರ್ತಿಯೊಬ್ಬರು ಮಾತನಾಡಿದಾಗ ಧ್ವನಿಯಿಂದ ಮಹಿಳೆಯೆಂದು ತಿಳಿದ ಮತ್ತೊಬ್ಬ ಆಟಗಾರ, ಆಕೆಯ ದೇಹವಿರಬೇಕಾದ ಜಾಗಕ್ಕೆ ತನ್ನ ತೇಲುವ ಕೈಯನ್ನು ಚಾಚಿ ಅಸಭ್ಯವಾಗಿ ವರ್ತಿಸಿದ. ದೂರ ಸರಿದರೂ ಬೆನ್ನಟ್ಟಿದ. ಆಕೆ ಈ ಅನುಭವವನ್ನು ಬರೆದು ಪ್ರಕಟಿಸಿದ ನಂತರ ಆಟದ ನಿರ್ಮಾಪಕರು ಅದನ್ನು ತಳ್ಳಿಹಾಕಲಿಲ್ಲ. ಹತ್ತಿರ ಬಂದ ಆಕೃತಿಯನ್ನು ಮರೆಯಾಗಿಸುವ ರಕ್ಷಣಾ ವಲಯವನ್ನು ವಿಸ್ತರಿಸಿ, ಆಟಗಾರರು ಒಂದು ಕೈಸನ್ನೆಯಿಂದಲೇ ಅದನ್ನು ಬಳಸುವಂತೆ ಮಾಡಿದರು. 2022ರ ಫೆಬ್ರವರಿಯಲ್ಲಿ ಮೆಟಾ ಸಂಸ್ಥೆಯು ತನ್ನ 'ಹೊರೈಜನ್ ವರ್ಲ್ಡ್ಸ್' ಲೋಕದಲ್ಲಿ ಎರಡು ಅವತಾರಗಳ ನಡುವೆ ಸುಮಾರು 4 ಅಡಿ ಅಂತರ ಉಳಿಯುವ ವ್ಯವಸ್ಥೆಯನ್ನು ಜಾರಿಗೆ ತಂದಿತು. 1966ರ ಗ್ರಂಥದಲ್ಲಿ ವೈಯಕ್ತಿಕ ವಲಯದ ಎಲ್ಲೆಯೆಂದು ಗುರುತಿಸಿದ್ದ ಅಳತೆಯೂ 4 ಅಡಿಯೇ. ಬಹುಮಂದಿ ತಾವಾಗಿಯೇ ಪಾಲಿಸುತ್ತಿದ್ದ ರೂಢಿಯನ್ನು ಕೆಲವರು ಮುರಿದ ಕಾರಣ ಅದನ್ನು ನಿಯಮವಾಗಿ ಬರೆಯಬೇಕಾಯಿತು.

6. ತಾವಾಗಿಯೇ ಬಾರದ ರೂಢಿಗಳು

ಅಂತರ, ದೃಷ್ಟಿ, ಸಂಕೋಚ ಇವು ದೇಹಕ್ಕೆ ಅಂಟಿದ ಅಭ್ಯಾಸಗಳು. ಆದರೆ ಬಹಳಷ್ಟು ರೂಢಿಗಳು ನಿಂತಿರುವುದು ನೆರೆಹೊರೆಯವರ ಕಣ್ಣಿನ ಮೇಲೆ. ಊರಿನಲ್ಲಿ ಕೆಟ್ಟ ಮಾತನಾಡಿದವನ ಹೆಸರು, ಮನೆ, ಬಂಧುಗಳು ಎಲ್ಲರಿಗೂ ಗೊತ್ತು. ನಾಳೆ ಅದೇ ಬೀದಿಯಲ್ಲಿ ತಲೆ ಎತ್ತಿ ನಡೆಯಬೇಕು. ವರ್ಚುವಲ್ ಲೋಕದಲ್ಲಿ ಹೆಸರು ಗುಪ್ತ, ಮುಖ ಗುಪ್ತ, ನಾಳೆ ಬೇರೆ ಹೆಸರಿನಲ್ಲಿ ಬರಲು ಅಡ್ಡಿಯಿಲ್ಲ. ಇಂತಹ ಸ್ಥಿತಿಯಲ್ಲಿ ಮನುಷ್ಯರ ಸಂಕೋಚ ಸಡಿಲಗೊಳ್ಳುವುದನ್ನು ಮನಶ್ಶಾಸ್ತ್ರಜ್ಞ ಜಾನ್ ಸುಲರ್ ಅವರು 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದ್ದಾರೆ. ಸಡಿಲವಾದ ಸಂಕೋಚದಿಂದ ಕೆಲವರು ಹೆಚ್ಚು ಆತ್ಮೀಯರೂ ಉದಾರಿಗಳೂ ಆಗುತ್ತಾರೆ, ಕೆಲವರು ಕ್ರೂರರಾಗುತ್ತಾರೆ ಎಂಬುದನ್ನೂ ಅವರು ಗುರುತಿಸಿದ್ದಾರೆ.

ಮೇಲೆ ಹೇಳಿದ ಹ್ಯಾಬಿಟ್ಯಾಟ್ ಲೋಕದ ಆರಂಭದಲ್ಲಿಯೇ ಈ ಸಮಸ್ಯೆ ತಲೆದೋರಿತು. ಅಲ್ಲಿ ಒಬ್ಬರ ವಸ್ತುವನ್ನು ಮತ್ತೊಬ್ಬರು ಕಸಿಯಬಹುದಿತ್ತು, ಆಯುಧದಿಂದ ಕೊಲ್ಲಲೂಬಹುದಿತ್ತು. ಅದು ಅಪರಾಧವೋ ಆಟದ ಭಾಗವೋ ಎಂಬ ಚರ್ಚೆ ನಿವಾಸಿಗಳಲ್ಲಿ ಎದ್ದಿತು. ನಿಜಜೀವನದಲ್ಲಿ ಧರ್ಮಗುರುವಾಗಿದ್ದ ಸದಸ್ಯರೊಬ್ಬರು ಅಲ್ಲಿಯೇ ಒಂದು ಚರ್ಚ್ ಸ್ಥಾಪಿಸಿದರು. ಅದರ ಅನುಯಾಯಿಗಳು ಕದಿಯುವುದಿಲ್ಲ, ಆಯುಧ ಹಿಡಿಯುವುದಿಲ್ಲ, ಹಿಂಸೆ ಮಾಡುವುದಿಲ್ಲ ಎಂದು ಪ್ರತಿಜ್ಞೆ ಮಾಡಬೇಕಿತ್ತು. ನಿವಾಸಿಗಳು ಚುನಾವಣೆ ನಡೆಸಿ ಊರಿಗೊಬ್ಬ ರಕ್ಷಣಾಧಿಕಾರಿಯನ್ನೂ ಆರಿಸಿಕೊಂಡರು. ಊರು, ಗುಡಿ, ಚುನಾಯಿತ ಮುಖ್ಯಸ್ಥ ಎಂಬ ನಮ್ಮ ಹಳೆಯ ಏರ್ಪಾಡುಗಳನ್ನೇ ಅವರು ಹೊಸ ಲೋಕದಲ್ಲಿ ಕಟ್ಟಿಕೊಂಡರೆನ್ನಬಹುದು.

ಸಾವಿನ ವಿಷಯದಲ್ಲಿ ರೂಢಿಯ ಬಲವೂ ದೌರ್ಬಲ್ಯವೂ ಒಟ್ಟಿಗೆ ಬೆಳಕಿಗೆ ಬಂದದ್ದು 2006ರಲ್ಲಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದ ಆಟಗಾರರೊಬ್ಬರು ನಿಜಜೀವನದಲ್ಲಿ ತೀರಿಕೊಂಡರು. ಅವರ ಆಟದ ಸಂಗಾತಿಗಳು ಲೋಕದೊಳಗಿನ ಸರೋವರವೊಂದರ ದಡದಲ್ಲಿ ಸೇರಿ, ಆಯುಧವಿಲ್ಲದೆ ಸಾಲಾಗಿ ನಿಂತು ಶ್ರದ್ಧಾಂಜಲಿ ಸಲ್ಲಿಸತೊಡಗಿದರು. ಈ ಸಭೆಯ ವಿಷಯ ಮೊದಲೇ ಪ್ರಕಟವಾಗಿತ್ತು. ಎದುರಾಳಿ ಗುಂಪೊಂದು ಅಲ್ಲಿಗೆ ನುಗ್ಗಿ, ನೆರೆದವರನ್ನೆಲ್ಲ ಆಟದ ರೀತಿಯಲ್ಲಿ ಕೊಂದು, ಅದರ ಚಿತ್ರೀಕರಣವನ್ನು ಪ್ರಸಾರ ಮಾಡಿತು. ಆ ಪ್ರದೇಶದಲ್ಲಿ ಎದುರಾಳಿಗಳನ್ನು ಆಕ್ರಮಿಸಲು ಆಟದ ನಿಯಮದಲ್ಲಿ ಅವಕಾಶವಿತ್ತು. ನಿಯಮದ ಪ್ರಕಾರ ತಪ್ಪೇನೂ ನಡೆದಿಲ್ಲವೆಂದು ಕೆಲವರು ವಾದಿಸಿದರು. ದುಃಖದಲ್ಲಿರುವವರ ಮೇಲೆ ಎರಗುವುದು ಎಲ್ಲಿಯೂ ತಪ್ಪೇ ಎಂದು ಇನ್ನು ಕೆಲವರು ಹೇಳಿದರು. ಚರ್ಚೆ ಇಂದಿಗೂ ನಿಂತಿಲ್ಲ. ಸಾವಿನ ಮನೆಯ ಮುಂದೆ ಹಾದುಹೋಗುವ ಮದುವೆಯ ದಿಬ್ಬಣವೂ ವಾದ್ಯ ನಿಲ್ಲಿಸುವ ನಾಡಿನವರಾದ ನಮಗೆ ಇಲ್ಲಿ ಯಾವುದು ಸರಿ ಎಂದು ನಿರ್ಧರಿಸುವುದು ಕಷ್ಟವಾಗಲಾರದು.

7. ಆಡಳಿತದ ಹೊಣೆ: ಒಂದು ನಿದರ್ಶನ

ರೂಢಿ ಮುರಿದಾಗ ನಿರ್ಧರಿಸುವವರು ಯಾರು? ಈ ಪ್ರಶ್ನೆಗೆ 'ಲ್ಯಾಂಬ್ಡಾಮೂ' ಎಂಬ ಲೋಕದ ಅನುಭವ ಉಪಯುಕ್ತವಾಗಿದೆ. 1990ರಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ ಅವರು ಆರಂಭಿಸಿದ ಈ ಲೋಕದಲ್ಲಿ ಚಿತ್ರಗಳಿರಲಿಲ್ಲ. ಎಲ್ಲವೂ ಅಕ್ಷರಗಳಲ್ಲೇ ನಡೆಯುತ್ತಿತ್ತು. 1992ರ ಡಿಸೆಂಬರ್‌ನಲ್ಲಿ ಅದರ ಆಡಳಿತಗಾರರು ತಾವು ತಾಂತ್ರಿಕ ಕೆಲಸಗಳನ್ನು ಮಾತ್ರ ನೋಡಿಕೊಳ್ಳುವುದಾಗಿಯೂ, ನಿವಾಸಿಗಳ ಸಾಮಾಜಿಕ ತಕರಾರುಗಳಲ್ಲಿ ಮಧ್ಯಪ್ರವೇಶಿಸುವುದಿಲ್ಲವೆಂದೂ ಪ್ರಕಟಿಸಿದರು.

ಕೆಲವೇ ತಿಂಗಳಲ್ಲಿ, 1993ರಲ್ಲಿ, ಸದಸ್ಯನೊಬ್ಬ ಇತರರ ಅವತಾರಗಳು ಅವರ ಇಚ್ಛೆಗೆ ವಿರುದ್ಧವಾಗಿ ಅಶ್ಲೀಲ ಕೃತ್ಯಗಳಲ್ಲಿ ತೊಡಗಿರುವಂತೆ ಎಲ್ಲರ ಮುಂದೆ ಬರೆದು ತೋರಿಸುವ ಒಂದು ಉಪಾಯವನ್ನು ಬಳಸಿದ. ಬರಿಯ ಅಕ್ಷರಗಳೇ ಆಗಿದ್ದರೂ ಅದಕ್ಕೆ ಗುರಿಯಾದವರಿಗೆ ತೀವ್ರ ನೋವುಂಟಾಯಿತು. ನಿವಾಸಿಗಳು ಸಭೆ ಸೇರಿ ದೀರ್ಘವಾಗಿ ಚರ್ಚಿಸಿದರೂ ಒಮ್ಮತಕ್ಕೆ ಬರಲಾಗಲಿಲ್ಲ. ಕೊನೆಗೆ ಆಡಳಿತಗಾರರಲ್ಲೊಬ್ಬರು ತಮ್ಮ ವಿವೇಚನೆಯಿಂದಲೇ ಆತನ ಖಾತೆಯನ್ನು ರದ್ದುಪಡಿಸಿದರು. ಪತ್ರಕರ್ತ ಜೂಲಿಯನ್ ಡಿಬೆಲ್ ಅವರು ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ 'ವಿಲೇಜ್ ವಾಯ್ಸ್' ಪತ್ರಿಕೆಯಲ್ಲಿ ಈ ಪ್ರಕರಣವನ್ನು ವರದಿ ಮಾಡಿದರು.

ತರುವಾಯ ಅಲ್ಲಿ ನಿವಾಸಿಗಳೇ ಅರ್ಜಿ ಬರೆದು, ಇತರರ ಸಹಿ ಪಡೆದು, ಮತಕ್ಕೆ ಹಾಕುವ ಪದ್ಧತಿ ಜಾರಿಗೆ ಬಂದಿತು. 1996ರ ಮೇ ತಿಂಗಳಲ್ಲಿ ಆಡಳಿತಗಾರರು, ತಾಂತ್ರಿಕ ವಿಷಯವನ್ನೂ ಸಾಮಾಜಿಕ ವಿಷಯವನ್ನೂ ಬೇರ್ಪಡಿಸುವುದು ಸಾಧ್ಯವಿಲ್ಲವೆಂದು ಒಪ್ಪಿ, ಸಾಮಾಜಿಕ ನಿರ್ಧಾರಗಳ ಹೊಣೆಯನ್ನು ಮತ್ತೆ ವಹಿಸಿಕೊಂಡರು. ಜನ ಸೇರುವ ಜಾಗವನ್ನು ನಡೆಸುವವರು ಅಲ್ಲಿ ಆಗುವುದಕ್ಕೆ ತಾವು ಹೊಣೆಯಲ್ಲವೆಂದು ಕೈತೊಳೆದುಕೊಳ್ಳಲಾಗದು ಎಂಬುದು ಈ ನಿದರ್ಶನದಿಂದ ಸ್ಪಷ್ಟವಾಗುತ್ತದೆ.

8. ಆಸ್ತಿ ಮತ್ತು ಕಳವು

ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಆಟದೊಳಗಿನ ಕತ್ತಿ, ಆಭರಣ, ವೇಷಭೂಷಣಗಳಿಗೆ ಬೆಲೆಯಿದೆಯೇ ಎಂಬ ಪ್ರಶ್ನೆ ಸಹಜ. ನೆದರ್ಲೆಂಡ್ಸ್ ದೇಶದಲ್ಲಿ 2007ರಲ್ಲಿ ಇಬ್ಬರು ಹುಡುಗರು 13 ವರ್ಷದ ಬಾಲಕನೊಬ್ಬನನ್ನು ಹೊಡೆದು, ಬೆದರಿಸಿ, 'ರೂನ್‌ಸ್ಕೇಪ್' ಆಟದಲ್ಲಿ ಅವನ ಅವತಾರದ ಬಳಿ ಇದ್ದ ತಾಯಿತ ಮತ್ತು ಮುಖವಾಡವನ್ನು ತಮಗೆ ಬಿಟ್ಟುಕೊಡುವಂತೆ ಮಾಡಿದರು. ಅವು ವಸ್ತುಗಳಲ್ಲ, ಕೇವಲ ಅಂಕಿಗಳು ಎಂದು ವಾದಿಸಲಾಯಿತು. 2012ರ ಜನವರಿಯಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ಒಪ್ಪದೆ ಅದನ್ನು ಕಳವೆಂದು ಎತ್ತಿಹಿಡಿಯಿತು. ಬಾಲಕನು ಅವುಗಳನ್ನು ಗಳಿಸಲು ಸಮಯ ಮತ್ತು ಶ್ರಮ ವ್ಯಯಿಸಿದ್ದನು, ಅವುಗಳ ಮೇಲಿನ ಹಿಡಿತ ಅವನಿಂದ ತಪ್ಪಿಹೋಯಿತು ಎಂಬ ಅಂಶಗಳನ್ನು ನ್ಯಾಯಾಲಯ ಪರಿಗಣಿಸಿತು. ಈ ತೀರ್ಪು ನಮ್ಮ ದೇಶದ ನ್ಯಾಯಾಲಯಗಳನ್ನು ಬದ್ಧಗೊಳಿಸುವುದಿಲ್ಲ. ಆದರೆ ಪರರ ಸ್ವತ್ತನ್ನು ಮುಟ್ಟಬಾರದೆಂಬ ರೂಢಿ ತೆರೆಯನ್ನು ದಾಟಿ ಹೋಗುತ್ತದೆ ಎಂಬುದಕ್ಕೆ ನಿದರ್ಶನವಾಗಿದೆ.

9. ನಮ್ಮ ಪರಿಸರದ ಎರಡು ಉದಾಹರಣೆಗಳು

2022ರ ಫೆಬ್ರವರಿಯಲ್ಲಿ ನೆರೆಯ ತಮಿಳುನಾಡಿನ ದಂಪತಿಯೊಬ್ಬರು ತಮ್ಮ ಮದುವೆಯ ಆರತಕ್ಷತೆಯನ್ನು ವರ್ಚುವಲ್ ಲೋಕದಲ್ಲಿ ಏರ್ಪಡಿಸಿದರು. ಅತಿಥಿಗಳು ಅವತಾರಗಳಾಗಿ ಬಂದು ಶುಭ ಕೋರಿದರು. ತೀರಿಕೊಂಡಿದ್ದ ವಧುವಿನ ತಂದೆಯ ಅವತಾರವನ್ನೂ ರೂಪಿಸಲಾಗಿತ್ತು. ಏನು ಬೇಕಾದರೂ ಕಲ್ಪಿಸಿಕೊಳ್ಳಬಹುದಾದ ಲೋಕದಲ್ಲಿ ಆ ಕುಟುಂಬ ಬಯಸಿದ್ದು ಹಿರಿಯರ ಆಶೀರ್ವಾದವನ್ನು.

ಇದಕ್ಕೆ ವ್ಯತಿರಿಕ್ತವಾದ ಘಟನೆ 2023ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿಯೇ ನಡೆಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ವಿಡಿಯೊ ಕಾನ್ಫರೆನ್ಸ್ ಕಲಾಪದೊಳಗೆ ಕಿಡಿಗೇಡಿಗಳು ನುಸುಳಿ ಅಶ್ಲೀಲ ದೃಶ್ಯ ಪ್ರದರ್ಶಿಸಿದ್ದರಿಂದ ಈ ಸೌಲಭ್ಯವನ್ನೂ ನೇರ ಪ್ರಸಾರವನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ನ್ಯಾಯಾಲಯದ ಸಭಾಂಗಣದಲ್ಲಿ ಪಿಸುಮಾತಿಗೂ ಹಿಂಜರಿಯುವ ಜನರಿರುವ ಸಮಾಜದಲ್ಲಿಯೇ ತೆರೆಯ ಮರೆಯಲ್ಲಿ ಇಂತಹ ಕೃತ್ಯ ನಡೆಯಿತು. ಕೆಲವರ ವರ್ತನೆಯಿಂದ, ದೂರದ ಊರುಗಳಿಂದ ಕಲಾಪಕ್ಕೆ ಹಾಜರಾಗುತ್ತಿದ್ದ ಕಕ್ಷಿದಾರರು ಮತ್ತು ವಕೀಲರೆಲ್ಲರಿಗೂ ಸೌಲಭ್ಯ ತಪ್ಪಿತು. ರೂಢಿ ಮುರಿದುದರ ನಷ್ಟ ಯಾರ ಖಾತೆಗೆ ಖರ್ಚು ಬೀಳುತ್ತದೆ ಎಂಬುದನ್ನು ಇಲ್ಲಿ ಕಾಣಬಹುದು.

10. ನಾಗರಿಕರು ಗಮನಿಸಬೇಕಾದ ಅಂಶಗಳು

ಅ) ಎದುರಿನ ಆಕೃತಿಯ ಹಿಂದೆ ಒಬ್ಬ ವ್ಯಕ್ತಿ ಇದ್ದಾನೆಂದು, ಆ ವ್ಯಕ್ತಿ ಮಗುವೂ ಆಗಿರಬಹುದೆಂದು ಭಾವಿಸಿ ನಡೆದುಕೊಳ್ಳತಕ್ಕದ್ದು.

ಆ) ಎದುರು ನಿಂತು ಆಡಲಾಗದ ಮಾತನ್ನು ಅಲ್ಲಿಯೂ ಆಡಬಾರದು. ಯಾರಾದರೂ ಹಿಂದೆ ಸರಿದರೆ, ಬೇಡವೆಂದರೆ, ಅದನ್ನು ಗೌರವಿಸತಕ್ಕದ್ದು.

ಇ) ಹೊಸ ಲೋಕವನ್ನು ಪ್ರವೇಶಿಸಿದ ಕೂಡಲೇ ದೂರ ಸರಿಸುವ, ತಡೆಹಿಡಿಯುವ ಹಾಗೂ ದೂರು ನೀಡುವ ಗುಂಡಿಗಳು ಎಲ್ಲಿವೆ ಎಂದು ತಿಳಿದುಕೊಳ್ಳುವುದು ಸೂಕ್ತ.

ಈ) ಬೇರೊಬ್ಬರಿಗೆ ತೊಂದರೆಯಾಗುತ್ತಿರುವುದನ್ನು ಕಂಡಾಗ ಸಾಕ್ಷಿಯಾಗಿ ನಿಲ್ಲುವುದು, ದೂರು ದಾಖಲಿಸುವುದು ಸುತ್ತಲಿದ್ದವರ ಕರ್ತವ್ಯ. ನೆರೆಯವರ ಕಣ್ಣಿಲ್ಲದ ಕಡೆ ರೂಢಿ ಉಳಿಯುವುದಿಲ್ಲ.

ಉ) ಪಾಲಕರು ಮಕ್ಕಳು ಯಾವ ಲೋಕದಲ್ಲಿ, ಯಾರೊಂದಿಗೆ ಆಡುತ್ತಾರೆಂದು ವಿಚಾರಿಸತಕ್ಕದ್ದು. ಶಾಲೆಯಿಂದ ಬಂದಾಗ ಕೇಳುವಂತೆಯೇ ಆಟದಿಂದ ಎದ್ದಾಗಲೂ ಕೇಳಬಹುದು.

11. ತೊಂದರೆಯಾದಲ್ಲಿ ಮಾಡಬೇಕಾದದ್ದು

ವರ್ಚುವಲ್ ಲೋಕಕ್ಕೆಂದೇ ಪ್ರತ್ಯೇಕವಾದ ದಂಡ ಸಂಹಿತೆ ನಮ್ಮಲ್ಲಿಲ್ಲ. ಕೃತ್ಯದ ಸ್ವರೂಪವನ್ನು ಆಧರಿಸಿ ಜಾರಿಯಲ್ಲಿರುವ ಕಾನೂನುಗಳೇ ಅನ್ವಯವಾಗುತ್ತವೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 66ಸಿ ಕಲಂ ಮತ್ತೊಬ್ಬರ ಪಾಸ್‌ವರ್ಡ್ ಮುಂತಾದ ಗುರುತನ್ನು ಕದ್ದು ಬಳಸುವುದಕ್ಕೆ, 66ಡಿ ಕಲಂ ಗಣಕಯಂತ್ರದ ಮೂಲಕ ಸೋಗು ಹಾಕಿ ವಂಚಿಸುವುದಕ್ಕೆ, 67ನೇ ಕಲಂ ಅಶ್ಲೀಲ ಸಾಮಗ್ರಿ ಪ್ರಸಾರಕ್ಕೆ ಸಂಬಂಧಿಸಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, 2023ರ 78ನೇ ಕಲಂ ಮಹಿಳೆಯನ್ನು ಹಿಂಬಾಲಿಸಿ ಕಾಡುವುದನ್ನು, ಅಂತರ್ಜಾಲದಲ್ಲಿ ಆಕೆಯ ಚಟುವಟಿಕೆಯ ಮೇಲೆ ಕಣ್ಣಿಡುವುದೂ ಸೇರಿದಂತೆ, ಅಪರಾಧವೆಂದು ಪರಿಗಣಿಸುತ್ತದೆ. 351ನೇ ಕಲಂ ಬೆದರಿಕೆಗೆ ಅನ್ವಯಿಸುತ್ತದೆ. ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇ ಪದೇ ಹಿಂಬಾಲಿಸುವುದು ಅಥವಾ ಸಂಪರ್ಕಿಸುವುದು, ಅದು ಡಿಜಿಟಲ್ ಮಾಧ್ಯಮದ ಮೂಲಕವಾದರೂ, 2012ರ ಪೋಕ್ಸೋ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ.

ಅನುಸರಿಸಬೇಕಾದ ಕ್ರಮ:

1) ತೆರೆಯ ಚಿತ್ರ, ಸಂಭಾಷಣೆ, ದಿನಾಂಕ, ಸಮಯ, ಎದುರಿನವರ ಬಳಕೆದಾರ ಹೆಸರು ಇವುಗಳನ್ನು ಉಳಿಸಿಕೊಳ್ಳಿ. ಕೋಪದಲ್ಲಿ ಅಳಿಸಿಹಾಕಬೇಡಿ.
2) ಆ ಲೋಕವನ್ನು ನಡೆಸುವ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸಿ, ಸ್ವೀಕೃತಿಯನ್ನು ಇಟ್ಟುಕೊಳ್ಳಿ.
3) ಅಪರಾಧದ ಸ್ವರೂಪವಿದ್ದಲ್ಲಿ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ದೂರು ನೀಡಿ. ಹಣ ಕಳೆದುಕೊಂಡಿದ್ದಲ್ಲಿ ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡಿ.
4) ಮಕ್ಕಳಿಗೆ ಸಂಬಂಧಿಸಿದಂತೆ 1098, ತುರ್ತು ಸಂದರ್ಭದಲ್ಲಿ 112 ಸಂಖ್ಯೆಯನ್ನು ಸಂಪರ್ಕಿಸಬಹುದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಟದಲ್ಲಿ ಎದುರಾಳಿಯನ್ನು ಹೊಡೆಯುವುದೂ ತಪ್ಪೇ?
ಉತ್ತರ: ಅಲ್ಲ. ಕಬಡ್ಡಿಯಲ್ಲಿ ಕಾಲು ಹಿಡಿದು ಎಳೆಯುವುದು ಆಟ. ಅಂಕಣದಲ್ಲಿರುವವರೆಲ್ಲ ಅದಕ್ಕೆ ಒಪ್ಪಿಯೇ ಇಳಿದಿರುತ್ತಾರೆ. ಗೆರೆಯಾಚೆ ನಿಂತು ನೋಡುವವನ ಕಾಲು ಎಳೆದರೆ ಅದು ಆಟವಲ್ಲ. ಎದುರಿನವರು ಯಾವುದಕ್ಕೆ ಒಪ್ಪಿ ಬಂದಿದ್ದಾರೆ ಎಂಬುದನ್ನು ನೋಡಬೇಕು.

ಪ್ರಶ್ನೆ: ಬೇರೆ ಹೆಸರು, ಬೇರೆ ರೂಪ ತಾಳುವುದು ಅಪರಾಧವೇ?
ಉತ್ತರ: ವೇಷ ಧರಿಸುವುದು ಅಪರಾಧವಲ್ಲ. ಬೇರೊಬ್ಬ ನಿಜವಾದ ವ್ಯಕ್ತಿಯ ಸೋಗಿನಲ್ಲಿ ಜನರನ್ನು ವಂಚಿಸುವುದು ಅಪರಾಧ.

ಪ್ರಶ್ನೆ: ಮಕ್ಕಳಿಗೆ ಇಂತಹ ಆಟಗಳನ್ನು ಪೂರ್ಣವಾಗಿ ನಿಲ್ಲಿಸಿಬಿಟ್ಟರೆ ಸಾಕಲ್ಲವೇ?
ಉತ್ತರ: ವಯಸ್ಸಿಗೆ ತಕ್ಕ ಮಿತಿ ಅವಶ್ಯ. ಆದರೆ ಹೇಳಿದರೆ ಫೋನ್ ಕಸಿದುಕೊಳ್ಳುತ್ತಾರೆಂಬ ಭಯವಿರುವ ಮಗು ತನಗಾದ ತೊಂದರೆಯನ್ನು ಮುಚ್ಚಿಡುತ್ತದೆ. ಆ ಮೌನ ತೊಂದರೆ ಕೊಡುವವರಿಗೇ ಅನುಕೂಲವಾಗುತ್ತದೆ. ಮೊದಲು ಕೇಳಿಸಿಕೊಳ್ಳಿ, ನಂತರ ನಿರ್ಧರಿಸಿ.

ಪ್ರಶ್ನೆ: ನನ್ನ ಅವತಾರಕ್ಕಾದ ಅವಮಾನವನ್ನು ನನಗಾದದ್ದೆಂದು ಹೇಳಿಕೊಳ್ಳಬಹುದೇ?
ಉತ್ತರ: ಹೇಳಿಕೊಳ್ಳಬಹುದು. ನೋವು ಆಗಿರುವುದು ತಮಗೆ. 'ಅದು ಆಟ ತಾನೇ' ಎಂಬ ಕಾರಣದಿಂದ ದೂರು ನೀಡಲು ಹಿಂಜರಿಯಬೇಕಾಗಿಲ್ಲ.

ಸೂಚನೆ: ಈ ಲೇಖನವನ್ನು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಪ್ರಕಟಿಸಲಾಗಿದೆ. ಇದನ್ನು ಕಾನೂನು ಸಲಹೆಯೆಂದು ಪರಿಗಣಿಸತಕ್ಕದ್ದಲ್ಲ. ನಿರ್ದಿಷ್ಟ ಪ್ರಕರಣಗಳಲ್ಲಿ ಸಂಬಂಧಪಟ್ಟ ಅಧಿಕಾರಿಗಳನ್ನು ಅಥವಾ ವಕೀಲರನ್ನು ಸಂಪರ್ಕಿಸಲು ಕೋರಲಾಗಿದೆ.